ಮಾರ್ಟಿನ್ ಲೂಥರ್: ನಂಬಿಕೆ ಮತ್ತು ಸತ್ಕಾರ್ಯದ ನಡುವೆ ಒಂದು ಜೀವನ

ಹಿಂದೊಮ್ಮೆ ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದಾಗ ಅವರ ಪಿರಿಯಡ್ ನನ್ನ ಪಾಲಿಗೆ ಬಂತು. ನಾನು ಕಲಿಸುವುದು ಉರ್ದು ಮತ್ತು ಕನ್ನಡ. ಆ ದಿನದ ಪಾಠ ಯೂರೋಪಿನ ಮತಸುಧಾರಣೆ. ಮಾರ್ಟಿನ್ ಲೂಥರ್ ಹೆಸರು ಓದುತ್ತಿದ್ದಂತೆಯೇ ಇಬ್ಬರು ಮೂವರು ಅಮೆರಿಕದ ಕಪ್ಪು ಜನರ ನಾಯಕರೆಂದು ಕೈ ಎತ್ತಿದರು. ಅವರು ಮಾರ್ಟಿನ್ ಲೂಥರ್ ಕಿಂಗ್, ಇಪ್ಪತ್ತನೆಯ ಶತಮಾನದವರು. ಅವರ ತಂದೆ 1934ರಲ್ಲಿ ಜರ್ಮನಿಗೆ ಹೋಗಿ ಬಂದ ಮೇಲೆ ಈ ಹಳೆಯ ಲೂಥರ್ ಹೆಸರನ್ನು ತಮಗೂ ಮಗನಿಗೂ ಇಟ್ಟುಕೊಂಡರು. ಅದನ್ನು ವಿವರಿಸಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. ಒಳ್ಳೆಯ ಕೆಲಸದಿಂದ ಸ್ವರ್ಗ ಸಿಗುವುದಿಲ್ಲವೆಂದು ಇವರು ಹೇಳಿದ್ದಾದರೆ, ಇವರನ್ನು ನಂಬಿದವರು ಒಳ್ಳೆಯ ಕೆಲಸ ಯಾಕೆ ಮಾಡಬೇಕು ಎಂಬುದು ಅವನ ಪ್ರಶ್ನೆ. ನಾಳೆ ಹೇಳುತ್ತೇನೆಂದೆ. ನಾಳೆ ಆ ಶಿಕ್ಷಕರು ಹಿಂದಿರುಗಿದರು, ನನ್ನ ಉತ್ತರ ಹಾಗೆಯೇ ಉಳಿಯಿತು.

ಮಾರ್ಟಿನ್ ಲೂಥರ್ ಹುಟ್ಟಿದ್ದು 1483ರ ನವೆಂಬರ್ 10ರಂದು, ಜರ್ಮನಿಯ ಐಸ್ಲೆಬೆನ್ ಎಂಬ ಊರಿನಲ್ಲಿ. ಮರುದಿನ ಸಂತ ಮಾರ್ಟಿನ್ ಹಬ್ಬ. ಅಂದೇ ದೀಕ್ಷಾಸ್ನಾನವಾದ್ದರಿಂದ ಆ ಹೆಸರು ಬಂತು. ತಂದೆ ಹ್ಯಾನ್ಸ್ ತಾಮ್ರದ ಗಣಿ ಮತ್ತು ಕುಲುಮೆಯ ಕೆಲಸದಲ್ಲಿ ಕಷ್ಟಪಟ್ಟು ಮೇಲೆ ಬಂದವರು. ಮಗ ಕಾನೂನು ಓದಿ ದೊಡ್ಡ ಹುದ್ದೆಗೆ ಹೋಗಲಿ ಎಂಬುದು ಅವರ ಆಸೆ. ನಮ್ಮ ಮನೆಗಳಲ್ಲಿ ಮಗ ಡಾಕ್ಟರ್ ಆಗಲಿ ಎನ್ನುವುದಿಲ್ಲವೇ, ಹಾಗೆ. ಮಾರ್ಟಿನ್ 1501ರಲ್ಲಿ ಎರ್ಫರ್ಟ್ ವಿಶ್ವವಿದ್ಯಾನಿಲಯ ಸೇರಿ, 1505ರಲ್ಲಿ ಎಂ.ಎ. ಮುಗಿಸಿ, ಕಾನೂನಿನ ತರಗತಿಗೂ ಸೇರಿದರು.

ಅದೇ ವರ್ಷ ಜುಲೈ 2ರಂದು ಮನೆಯಿಂದ ಎರ್ಫರ್ಟಿಗೆ ಹಿಂದಿರುಗುವಾಗ ಸ್ಟೊಟರ್ನ್‌ಹೈಮ್ ಎಂಬ ಹಳ್ಳಿಯ ಬಳಿ ಗುಡುಗು ಮಳೆ ಹಿಡಿಯಿತು. ಪಕ್ಕದಲ್ಲೇ ಸಿಡಿಲು ಬಡಿಯಿತು. ಪ್ರಾಣ ಉಳಿದರೆ ಸನ್ಯಾಸಿಯಾಗುತ್ತೇನೆಂದು ಸಂತ ಅನ್ನಾಳಿಗೆ ಹರಕೆ ಹೊತ್ತು, ಹದಿನೈದು ದಿನಗಳಲ್ಲಿ ಅಗಸ್ಟೀನ್ ಪಂಥದ ಮಠದ ಬಾಗಿಲು ತಟ್ಟಿದರು. ತಂದೆಗೆ ವಿಪರೀತ ಸಿಟ್ಟು ಬಂತು.

ಆ ಕಾಲದ ಪಶ್ಚಿಮ ಯೂರೋಪಿನ ಕ್ರೈಸ್ತ ಸಭೆಯ ಬೋಧನೆಯನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳಬೇಕು. ಮನುಷ್ಯ ಕೇವಲ ತನ್ನ ಕೆಲಸದಿಂದ ರಕ್ಷಣೆ ಹೊಂದುತ್ತಾನೆ ಎಂದು ಆ ಸಭೆ ಎಂದೂ ಹೇಳಿದ್ದಲ್ಲ. ದೇವರ ಕೃಪೆ ಮೊದಲು, ಆ ಕೃಪೆಯ ಜೊತೆ ಸೇರಿ ಮನುಷ್ಯ ಮಾಡುವ ಸತ್ಕಾರ್ಯಕ್ಕೂ ಬೆಲೆ ಉಂಟು, ಎರಡೂ ಕೂಡಿ ರಕ್ಷಣೆಯ ಕಡೆಗೆ ಒಯ್ಯುತ್ತವೆ ಎಂಬುದು ಬೋಧನೆ. ಆದರೆ ಸಾಮಾನ್ಯ ಜನರ ಕಿವಿಗೆ ಬೀಳುತ್ತಿದ್ದುದು ಕೆಲಸದ ಮಾತೇ ಹೆಚ್ಚು: ಉಪವಾಸ, ಯಾತ್ರೆ, ಸಂತರ ಅವಶೇಷಗಳ ದರ್ಶನ, ದಾನ. ಸತ್ತ ಮೇಲೆ ಸ್ವರ್ಗಕ್ಕೆ ಸೇರುವ ಮುನ್ನ ಉಳಿದ ಪಾಪದ ಶಿಕ್ಷೆ ಅನುಭವಿಸಿ ಶುದ್ಧರಾಗುವ ಒಂದು ಸ್ಥಿತಿ ಇದೆ, ಅಲ್ಲಿನ ಅವಧಿಯನ್ನು ಭೂಮಿಯ ಮೇಲಿನ ಪುಣ್ಯಕಾರ್ಯದಿಂದ ತಗ್ಗಿಸಬಹುದು ಎಂಬ ಲೆಕ್ಕವೂ ಇತ್ತು. ಲೆಕ್ಕ ಎಂದ ಮೇಲೆ ಎಷ್ಟು ಮಾಡಿದರೆ ಸಾಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಲೂಥರ್ ಅವರನ್ನು ಹಿಂಡಿದ್ದು ಆ ಪ್ರಶ್ನೆಯೇ.

ಮಠದಲ್ಲಿ ಅವರು ನಿಯಮಕ್ಕಿಂತ ಹೆಚ್ಚು ಉಪವಾಸ ಮಾಡಿದರು, ಚಳಿಯಲ್ಲಿ ಹೊದಿಕೆಯಿಲ್ಲದೆ ಇದ್ದರು, ದೇಹವನ್ನು ಸೊರಗಿಸಿದರು. ಪಾಪನಿವೇದನೆಗೆ ಕುಳಿತರೆ ಗಂಟೆಗಟ್ಟಲೆ ಏಳುತ್ತಿರಲಿಲ್ಲ. ಎದ್ದು ಹೋದವರು ಯಾವುದೋ ಸಣ್ಣ ತಪ್ಪು ನೆನಪಾಗಿ ಮತ್ತೆ ಹಿಂದಿರುಗುತ್ತಿದ್ದರು. ಅವರ ಗುರುಗಳಾದ ಯೊಹಾನ್ ಸ್ಟೌಪಿಟ್ಸ್ ಇದನ್ನು ಕೇಳಿ ಕೇಳಿ ಬೇಸತ್ತರು. 1507ರಲ್ಲಿ ಗುರುದೀಕ್ಷೆ ಪಡೆದು ಮೊದಲ ಬಾರಿ ಪೂಜೆ ನಡೆಸುವಾಗ ದೇವರ ಎದುರು ನಿಲ್ಲಲು ತಾನು ಯಾರು ಎಂದು ನಡುಗಿಬಿಟ್ಟರಂತೆ. 1510-11ರ ಸುಮಾರಿಗೆ ಮಠದ ಕೆಲಸಕ್ಕಾಗಿ ರೋಮಿಗೆ ಹೋದಾಗ, ಅಲ್ಲಿನ 28 ಪವಿತ್ರ ಮೆಟ್ಟಿಲುಗಳನ್ನು ಮೊಣಕಾಲಲ್ಲೇ ಹತ್ತುತ್ತಾ ಸತ್ತ ಅಜ್ಜನಿಗಾಗಿ ಪ್ರಾರ್ಥಿಸಿದರು. ತುದಿ ಮುಟ್ಟಿದಾಗ, ಇದರಿಂದ ಅಜ್ಜನಿಗೆ ಬಿಡುಗಡೆಯಾಯಿತೆಂದು ಯಾರು ಬಲ್ಲರು ಎಂಬ ಅನುಮಾನ ಮೂಡಿತು. ಮುದುಕರಾದ ಮೇಲೆ ಇದನ್ನು ಅವರೇ ಹೇಳಿಕೊಂಡಿದ್ದಾರೆ. ದೇವರ ಹೆದರಿಕೆ ಇಲ್ಲದವನಿಗೆ ಈ ಸಂಕಟ ಬರುವುದಿಲ್ಲ. ಲೂಥರ್ ಸತ್ಕಾರ್ಯದಿಂದ ತಪ್ಪಿಸಿಕೊಳ್ಳಲು ನೆವ ಹುಡುಕಿದವರೆಂದು ತಿಳಿಯುವವರು ಈ ಹತ್ತು ಹನ್ನೆರಡು ವರ್ಷಗಳನ್ನು ಮರೆಯುತ್ತಾರೆ.

ಸ್ಟೌಪಿಟ್ಸ್ ಅವರು ಶಿಷ್ಯನನ್ನು ಓದಿಗೆ ಹಚ್ಚಿದರು. 1512ರಲ್ಲಿ ಲೂಥರ್ ವಿಟೆನ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರ್ ಪದವಿ ಪಡೆದು ಬೈಬಲ್ ಬೋಧಕರಾದರು. ಕೀರ್ತನೆಗಳು, ಆಮೇಲೆ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆ, ಅದಾದ ಮೇಲೆ ಗಲಾತ್ಯದವರಿಗೆ ಬರೆದ ಪತ್ರಿಕೆ, ಹೀಗೆ ಪಾಠ ಮಾಡುತ್ತಾ ಹೋದರು. ರೋಮಾಪುರದ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ದೇವರ ನೀತಿ ಎಂಬ ಮಾತಿದೆ. ಪಾಪಿಯನ್ನು ತೂಗಿ ಶಿಕ್ಷಿಸುವ ನ್ಯಾಯ ಎಂದು ಅದನ್ನು ಓದಿ ಅವರು ಆ ಮಾತನ್ನೇ ದ್ವೇಷಿಸುತ್ತಿದ್ದರು. ಹಗಲೂ ರಾತ್ರಿ ಯೋಚಿಸಿದ ಮೇಲೆ ಅದರ ಅರ್ಥ ಬೇರೆಯಾಗಿ ಕಂಡಿತು. ಅದು ದೇವರು ಮನುಷ್ಯನಿಂದ ಕೇಳುವ ನೀತಿಯಲ್ಲ, ಕ್ರಿಸ್ತನ ಮೂಲಕ ದೇವರೇ ಕೊಡುವ ನೀತಿ. ಮನುಷ್ಯ ಅದನ್ನು ಸಂಪಾದಿಸುವುದಿಲ್ಲ, ನಂಬಿಕೆಯಿಂದ ಕೈ ಚಾಚಿ ಪಡೆಯುತ್ತಾನೆ. ಈ ತಿಳಿವು ಯಾವ ವರ್ಷ ಬಂತೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ, 1513ರಿಂದ 1519ರ ನಡುವೆ ಎನ್ನುತ್ತಾರೆ. ಕ್ರಿಸ್ತನು ಶಿಲುಬೆಯ ಮೇಲೆ ಎಲ್ಲರ ಪಾಪದ ಭಾರ ಹೊತ್ತನೆಂಬ ನಂಬಿಕೆಯ ಮೇಲೆ ಇದು ನಿಂತಿದೆ. ನಾವು ಅದನ್ನು ಒಪ್ಪುವುದಿಲ್ಲ ಎಂಬುದು ಓದುಗರಿಗೆ ಗೊತ್ತಿರುವುದೇ. ಆದರೂ ಪಕ್ಕದವರು ಏನನ್ನು ನಂಬುತ್ತಾರೆಂಬುದನ್ನು ಸರಿಯಾಗಿ ತಿಳಿದಿರಬೇಕೆಂದು ನನಗೆ ಅನಿಸುತ್ತದೆ.

ಪಠ್ಯಪುಸ್ತಕದ ಲೂಥರ್ ಕಾಣಿಸಿಕೊಳ್ಳುವುದು ಇದಾದ ಮೇಲೆ. ಬ್ರಾಂಡೆನ್‌ಬರ್ಗಿನ ಆಲ್ಬರ್ಟ್ ಎಂಬ ರಾಜಮನೆತನದ ಯುವಕ ಮೈನ್ಸ್ ನಗರದ ಮಹಾಧರ್ಮಾಧ್ಯಕ್ಷನಾಗಲು ರೋಮಿಗೆ ದೊಡ್ಡ ಮೊತ್ತ ಕೊಡಬೇಕಾಯಿತು. ಫುಗ್ಗರ್ ಎಂಬ ಸಾಹುಕಾರ ಮನೆತನ ಸಾಲ ಕೊಟ್ಟಿತು. ಸಾಲ ತೀರಿಸುವ ದಾರಿಯೆಂದರೆ ಪಾಪವಿಮೋಚನಾ ಪತ್ರಗಳ ಮಾರಾಟ. ಬಂದ ಹಣದಲ್ಲಿ ಅರ್ಧ ರೋಮಿನ ಸಂತ ಪೀಟರ್ ದೇವಾಲಯದ ಕಟ್ಟಡಕ್ಕೆ, ಅರ್ಧ ಸಾಲಕ್ಕೆ. ಅಂತಸ್ತಿಗೆ ತಕ್ಕ ದರಪಟ್ಟಿಯೂ ಇತ್ತು: ರಾಜರು 25 ಚಿನ್ನದ ನಾಣ್ಯ, ಅವರಿಗಿಂತ ಕೆಳಗಿನ ಶ್ರೀಮಂತರು 10, ಸಾಧಾರಣ ಜನ ಒಂದೋ ಅರ್ಧವೋ. ಏನೂ ಇಲ್ಲದವರು ಉಪವಾಸ ಪ್ರಾರ್ಥನೆಯಿಂದ ಪಡೆಯಬಹುದಿತ್ತು. ಟೆಟ್ಜೆಲ್ ಎಂಬ ಬೋಧಕ ಇದನ್ನು ಊರೂರಿಗೆ ಒಯ್ದ. ವಿಟೆನ್‌ಬರ್ಗಿನ ದೊರೆ ಫ್ರೆಡರಿಕ್ ತನ್ನ ಸೀಮೆಯೊಳಗೆ ಅವನನ್ನು ಬಿಡಲಿಲ್ಲ. ಸುಧಾರಣೆಯ ಪ್ರೀತಿಯಿಂದಲ್ಲ. ಆ ದೊರೆಯ ಬಳಿಯೇ ಸಂತರ ಅವಶೇಷಗಳ ಸಂಗ್ರಹವಿತ್ತು, 1520ರ ಹೊತ್ತಿಗೆ ಅದು 19,000 ದಾಟಿತ್ತು. ಅದರ ದರ್ಶನಕ್ಕೂ ಶಿಕ್ಷೆಯ ರಿಯಾಯಿತಿ ಇತ್ತು.

ಆದರೂ ಜನ ಗಡಿ ದಾಟಿ ಹೋಗಿ ಪತ್ರ ಕೊಂಡು ತಂದರು. ಇನ್ನು ಪಶ್ಚಾತ್ತಾಪ ಬೇಡವೆಂಬ ಧೈರ್ಯ ಅವರಲ್ಲಿ ಕಂಡು ಲೂಥರ್ ಕಳವಳಗೊಂಡರು. 1517ರ ಅಕ್ಟೋಬರ್ 31ರಂದು 95 ವಾದಗಳ ಪಟ್ಟಿಯನ್ನು ಆಲ್ಬರ್ಟನಿಗೆ ಕಳುಹಿಸಿದರು. ಅದನ್ನು ಚರ್ಚಿನ ಬಾಗಿಲಿಗೆ ಮೊಳೆ ಹೊಡೆದು ಅಂಟಿಸಿದ ಚಿತ್ರ ಎಲ್ಲ ಪುಸ್ತಕಗಳಲ್ಲೂ ಇದೆ, ಅದು ನಡೆಯಿತೋ ಇಲ್ಲವೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ವಾದವಿದೆ. ಪತ್ರ ಕೊಳ್ಳುವುದಕ್ಕಿಂತ ಬಡವನಿಗೆ ಕೊಡುವುದು, ಇಲ್ಲದವನಿಗೆ ಸಾಲ ಕೊಡುವುದು ಮೇಲು ಎಂಬುದು ಆ ವಾದಗಳಲ್ಲಿ ಒಂದು. ಸತ್ಕಾರ್ಯದ ಪರವಾದ ಮಾತು ಅಲ್ಲಿಯೇ ಇದೆ ಎಂಬುದನ್ನು ಗಮನಿಸಬೇಕು.

ಮುಂದಿನ ಕಥೆ ಬೇಗ ಹೇಳಿ ಮುಗಿಸಬಹುದು. ವಾದವಿವಾದಗಳಾದವು. 1520ರಲ್ಲಿ ಪೋಪ್ ಅವರ ಎಚ್ಚರಿಕೆಯ ಶಾಸನ ಬಂತು, ಡಿಸೆಂಬರ್ 10ರಂದು ಲೂಥರ್ ಅದನ್ನು ಬೆಂಕಿಗೆ ಹಾಕಿದರು. 1521ರ ಜನವರಿಯಲ್ಲಿ ಬಹಿಷ್ಕಾರವಾಯಿತು. ಏಪ್ರಿಲಿನಲ್ಲಿ ವರ್ಮ್ಸ್ ನಗರದ ಸಭೆಯಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ ಎದುರು ನಿಂತು, ಬರೆದುದನ್ನು ಹಿಂತೆಗೆದುಕೊಳ್ಳಲು ನಿರಾಕರಿಸಿದರು. ಕಾನೂನಿನ ರಕ್ಷಣೆ ಕಳೆದುಕೊಂಡ ಅವರನ್ನು ಫ್ರೆಡರಿಕ್ ದೊರೆಯ ಜನ ವಾರ್ಟ್‌ಬರ್ಗ್ ಕೋಟೆಯಲ್ಲಿ ಬಚ್ಚಿಟ್ಟರು.

ಹುಡುಗನ ಪ್ರಶ್ನೆಗೆ ಉತ್ತರ ಇರುವುದು 1520ರ ಪುಸ್ತಕಗಳಲ್ಲಿ. ಆ ಪ್ರಶ್ನೆಯನ್ನು ಲೂಥರ್ ಕಾಲದಲ್ಲೇ ಕೇಳಿದ್ದರು, ಅದಕ್ಕಾಗಿ ಅವರು ಸತ್ಕಾರ್ಯಗಳನ್ನು ಕುರಿತೇ ಒಂದು ಪುಸ್ತಕ ಬರೆದರು. ಹತ್ತು ಆಜ್ಞೆಗಳನ್ನು ಒಂದೊಂದಾಗಿ ಹಿಡಿದು, ಎಲ್ಲದಕ್ಕಿಂತ ಮೊದಲ ಸತ್ಕಾರ್ಯ ದೇವರ ಮೇಲಿನ ನಂಬಿಕೆ ಎಂದೂ, ಆ ನಂಬಿಕೆಯಿಂದ ಮಾಡಿದ ಯಾವ ಸಣ್ಣ ಕೆಲಸವೂ ಸತ್ಕಾರ್ಯವೇ ಎಂದೂ ವಾದಿಸಿದರು. ಅದೇ ವರ್ಷದ ಇನ್ನೊಂದು ಪುಸ್ತಕ ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ. ಅದರಲ್ಲಿ ಸುವಾರ್ತೆಯ ಮರ ಮತ್ತು ಹಣ್ಣಿನ ಹೋಲಿಕೆ ಬರುತ್ತದೆ. ಹಣ್ಣಿನಿಂದ ಮರ ಒಳ್ಳೆಯದಾಗುವುದಿಲ್ಲ, ಮರ ಒಳ್ಳೆಯದಾದರೆ ಹಣ್ಣು ತಾನಾಗಿ ಬರುತ್ತದೆ. ಅಂದರೆ ಸತ್ಕಾರ್ಯ ರಕ್ಷಣೆಯ ಬೆಲೆಯಲ್ಲ, ರಕ್ಷಣೆ ಪಡೆದವನಲ್ಲಿ ಬಿಡುವ ಹಣ್ಣು. ದೇವರಿಗೆ ನಮ್ಮ ಕೆಲಸದ ಅಗತ್ಯವಿಲ್ಲ, ನೆರೆಯವನಿಗೆ ಇದೆ. ಸ್ವರ್ಗದ ಚಿಂತೆ ಕಳೆದವನ ಕೈ ನೆರೆಯವನ ಕೆಲಸಕ್ಕೆ ಖಾಲಿಯಾಗುತ್ತದೆ ಎಂಬುದು ಅವರ ಆಲೋಚನೆ. ಮಗುವಿನ ಬಟ್ಟೆ ಒಗೆಯುವ ತಂದೆಯನ್ನು ನೋಡಿ ಜನ ನಕ್ಕರೂ ದೇವರು ಸಂತೋಷಪಡುತ್ತಾನೆ ಎಂದು 1522ರಲ್ಲಿ ಮದುವೆಯ ಬಗ್ಗೆ ಬರೆದಾಗ ಹೇಳಿದ್ದಾರೆ. ಆಗ ಅವರಿಗೆ ಮದುವೆಯೂ ಆಗಿರಲಿಲ್ಲ! ಮಠ ಬಿಟ್ಟು ಬಂದಿದ್ದ ಕ್ಯಾಥರೀನಾ ಫಾನ್ ಬೋರಾ ಅವರನ್ನು ಮದುವೆಯಾದದ್ದು 1525ರಲ್ಲಿ, ಮಕ್ಕಳು ಆರು.

ಭಾಷಾ ಶಿಕ್ಷಕರಿಗೆ ರುಚಿಸುವ ಒಂದು ಜಗಳ ಇದರಲ್ಲಿದೆ. ವಾರ್ಟ್‌ಬರ್ಗ್ ಕೋಟೆಯಲ್ಲಿದ್ದಾಗ ಲೂಥರ್ ಸುಮಾರು ಹನ್ನೊಂದು ವಾರಗಳಲ್ಲಿ ಹೊಸ ಒಡಂಬಡಿಕೆಯನ್ನು ಗ್ರೀಕಿನಿಂದ ಜರ್ಮನ್ ಭಾಷೆಗೆ ತಂದರು, 1522ರ ಸೆಪ್ಟೆಂಬರಿನಲ್ಲಿ ಅಚ್ಚಾಯಿತು. ರೋಮಾಪುರದ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಮನುಷ್ಯ ನೀತಿವಂತನೆನಿಸುವುದು ನಂಬಿಕೆಯಿಂದ, ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ ಎಂಬ ಅರ್ಥದ ವಾಕ್ಯವಿದೆ. ಲೂಥರ್ ಅಲ್ಲಿ ಅಲೈನ್ ಎಂಬ ಪದ ಸೇರಿಸಿದರು. ಉರ್ದುವಿನ ಸಿರ್ಫ್, ಕನ್ನಡದ ಮಾತ್ರ. ಮೂಲದಲ್ಲಿ ಇಲ್ಲದ ಪದವನ್ನು ಪವಿತ್ರ ಗ್ರಂಥಕ್ಕೆ ಸೇರಿಸಿದರೆಂದು ವಿರೋಧಿಗಳು ಹಿಡಿದುಕೊಂಡರು. ಅದಕ್ಕೆ 1530ರಲ್ಲಿ ಅವರು ಅನುವಾದದ ಬಗ್ಗೆ ಬಹಿರಂಗ ಪತ್ರವನ್ನೇ ಬರೆದರು. ಒಂದನ್ನು ಹೌದೆಂದು ಇನ್ನೊಂದನ್ನು ಅಲ್ಲವೆನ್ನುವಾಗ ಜರ್ಮನರ ಬಾಯಲ್ಲಿ ಆ ಪದ ಸಹಜವಾಗಿ ಬರುತ್ತದೆ, ಮನೆಯ ತಾಯಿ, ಬೀದಿಯ ಮಕ್ಕಳು, ಸಂತೆಯ ಜನ ಮಾತಾಡುವುದನ್ನು ಕೇಳಿ ಅನುವಾದಿಸಬೇಕು ಎಂದರು. ಅವನು ಅಕ್ಕಿ ತಂದ, ಬೇಳೆ ತರಲಿಲ್ಲ ಎಂಬುದನ್ನು ನಾವೂ ಅಕ್ಕಿ ಮಾತ್ರ ತಂದ ಎನ್ನುತ್ತೇವಲ್ಲ. ವಾದ ಒಪ್ಪುವಂತಿದೆ. ಆದರೆ ಮಾತ್ರ ಎಂಬ ಪದ ವ್ಯಾಕರಣದ ಸಹಾಯಕ್ಕಷ್ಟೇ ಬಂತೆಂದು ನಾನು ನಂಬಲಾರೆ, ಅವರ ಇಡೀ ಬದುಕು ಆ ಪದದಲ್ಲಿತ್ತು.

ಅದೇ ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರಿಕೆ ಎಂಬ ಸಣ್ಣ ಭಾಗವಿದೆ. ಕ್ರಿಯೆಯಿಲ್ಲದ ನಂಬಿಕೆ ಸತ್ತಂತೆ, ಬರಿಯ ನಂಬಿಕೆಯಿಂದ ಮನುಷ್ಯ ನೀತಿವಂತನಾಗುವುದಿಲ್ಲ ಎಂಬುದು ಅದರ ಎರಡನೆಯ ಅಧ್ಯಾಯದ ತಾತ್ಪರ್ಯ. ನಂಬಿಕೆ ಮಾತ್ರ ಎಂಬ ಜೋಡಿ ಮಾತು ಇಡೀ ಮೂಲ ಬೈಬಲಿನಲ್ಲಿ ಬರುವುದು ಅಲ್ಲೊಂದೇ ಕಡೆ, ಅದೂ ಅಲ್ಲ ಎನ್ನುವುದಕ್ಕೆ. ಲೂಥರ್ ಈ ಪತ್ರಿಕೆಯನ್ನು ಹಗುರವಾಗಿ ಕಂಡು, ಪರಿವಿಡಿಯಲ್ಲಿ ಕೊನೆಗೆ ಸರಿಸಿ, ಅದಕ್ಕೆ ಕ್ರಮಸಂಖ್ಯೆಯನ್ನೂ ಕೊಡಲಿಲ್ಲ. ಆದರೆ ತೆಗೆದು ಹಾಕಲಿಲ್ಲ. ತನಗೆ ಒಪ್ಪದ ಮಾತನ್ನೂ ಅನುವಾದಿಸಿ ಜನರ ಕೈಗೆ ಕೊಟ್ಟರು.

ಬೋಧನೆ ಜನರ ನಡುವೆ ಹೋದಾಗ ಏನಾಯಿತು? ಇಲ್ಲಿ ನಮ್ಮ ಸಂಘಕ್ಕಾಗಿ ಚಂದಾ ಎತ್ತಲು ಹೋಗುವವರು ಕಿವಿಗೊಡಬೇಕು. ಮೊದಲು ಪುಣ್ಯಕ್ಕಾಗಿ ಮಠಗಳಿಗೆ ಧಾರಾಳವಾಗಿ ಕೊಡುತ್ತಿದ್ದ ಜನ, ಕೊಟ್ಟರೂ ಸ್ವರ್ಗ ಸಿಗುವುದಿಲ್ಲ ಎಂದು ತಿಳಿದ ಮೇಲೆ ಕೈ ಬಿಗಿ ಹಿಡಿದರು. ಮಠದ ಶಾಲೆಗಳು ಖಾಲಿಯಾದವು. ಮಗ ಪಾದ್ರಿಯಾಗದಿದ್ದರೆ ಓದಿಸಿ ಪ್ರಯೋಜನವೇನೆಂದು ತಂದೆತಾಯಿಗಳು ಕೇಳತೊಡಗಿದರು. ಲೂಥರ್ ಇದನ್ನು ನೋಡಿ ನೊಂದರು. 1524ರಲ್ಲಿ ಜರ್ಮನಿಯ ಎಲ್ಲ ನಗರಸಭೆಗಳಿಗೆ ಬಹಿರಂಗ ಪತ್ರ ಬರೆದು, ಬಂದೂಕು, ರಸ್ತೆ, ಸೇತುವೆ, ಅಣೆಗಳಿಗೆ ವರ್ಷವರ್ಷ ಖರ್ಚು ಮಾಡುವವರು ಶಾಲೆಗೂ ಮಾಡಬೇಕು, ಗಂಡುಮಕ್ಕಳಿಗೆ ದಿನಕ್ಕೆ ಒಂದೆರಡು ಗಂಟೆ, ಹೆಣ್ಣುಮಕ್ಕಳಿಗೂ ಒಂದು ಗಂಟೆ ಪಾಠವಾಗಲಿ, ಉಳಿದ ಹೊತ್ತು ಮನೆಗೆಲಸ ಕಲಿಯಲಿ ಎಂದು ವಾದಿಸಿದರು. ಮಕ್ಕಳನ್ನು ಶಾಲೆಯಲ್ಲಿ ಉಳಿಸಿಕೊಳ್ಳುವ ಬಗ್ಗೆ 1530ರಲ್ಲಿ ಮತ್ತೊಂದು ಪುಸ್ತಕ ಬಂತು. 1523ರಲ್ಲಿ ಲೈಸ್ನಿಗ್ ಎಂಬ ಪಟ್ಟಣ ಬಡವರಿಗಾಗಿ, ಶಾಲೆಗಾಗಿ ಸಾರ್ವಜನಿಕ ನಿಧಿಯ ಪೆಟ್ಟಿಗೆ ಏರ್ಪಡಿಸಿದಾಗ ಅದರ ನಿಯಮಾವಳಿಗೆ ಲೂಥರ್ ಮುನ್ನುಡಿ ಬರೆದರು. ಹತ್ತು ಜನ ಆಯ್ಕೆಯಾದ ನಿರ್ವಾಹಕರು, ಪೆಟ್ಟಿಗೆಗೆ ನಾಲ್ಕು ಬೇರೆ ಬೇರೆ ಬೀಗ, ನಾಲ್ಕು ವರ್ಗದವರ ಬಳಿ ಒಂದೊಂದು ಕೀಲಿ. ಹಿಸಾಬಿನ ವಿಷಯದಲ್ಲಿ ಅವರಿಗೆ ಮನುಷ್ಯರ ನಂಬಿಕೆ ಮಾತ್ರ ಸಾಲದೆಂದು ಗೊತ್ತಿತ್ತು. ಆದರೂ ನಗರಸಭೆ ಹಳೆಯ ದತ್ತಿಗಳನ್ನು ಬಿಟ್ಟುಕೊಡದೆ ಯೋಜನೆ ಕುಂಟಿತು.

1528ರ ಹೊತ್ತಿಗೆ ಹಳ್ಳಿಗಳ ತಪಾಸಣೆಗೆ ಹೋದಾಗ ಕಂಡದ್ದು ಇನ್ನೂ ಬೇಸರದ ಸಂಗತಿ. ಸಾಮಾನ್ಯ ಜನಕ್ಕೆ ಪ್ರಾರ್ಥನೆಯೂ ಬಾರದು, ಎಷ್ಟೋ ಪಾದ್ರಿಗಳಿಗೆ ಬೋಧಿಸಲೂ ಬಾರದು, ಸ್ವಾತಂತ್ರ್ಯವನ್ನು ಮಾತ್ರ ಎಲ್ಲರೂ ಚೆನ್ನಾಗಿ ಕಲಿತಿದ್ದರು. ಮರುವರ್ಷ ಲೂಥರ್ ಪ್ರಶ್ನೋತ್ತರ ರೂಪದ ಸಣ್ಣ ಧರ್ಮಬೋಧೆ ಬರೆದರು. ಅದು ಶುರುವಾಗುವುದು ಹತ್ತು ಆಜ್ಞೆಗಳಿಂದ. ನಂಬಿದವನಿಗೆ ಧರ್ಮಶಾಸ್ತ್ರ ಬೋಧಿಸುವ ಅಗತ್ಯವೇ ಇಲ್ಲವೆಂದು ವಾದಿಸಿದ ತಮ್ಮ ಶಿಷ್ಯ ಯೊಹಾನ್ ಅಗ್ರಿಕೋಲಾ ಅವರನ್ನು 1530ರ ದಶಕದ ಕೊನೆಯಲ್ಲಿ ಬಹಿರಂಗವಾಗಿಯೇ ಎದುರಿಸಿದರು.

ಅವರ ಕೆಲಸ ನಂಬಿಕೆಗೆ ತಕ್ಕಂತಿದ್ದ ಒಂದು ಸಂದರ್ಭ 1527ರ ಪ್ಲೇಗ್. ವಿಶ್ವವಿದ್ಯಾನಿಲಯ ಯೇನಾ ನಗರಕ್ಕೆ ಹೋಯಿತು, ಲೂಥರ್ ಬಸುರಿ ಹೆಂಡತಿಯೊಡನೆ ವಿಟೆನ್‌ಬರ್ಗಿನಲ್ಲೇ ಉಳಿದರು, ಮನೆ ಆಸ್ಪತ್ರೆಯಾಯಿತು. ಪ್ಲೇಗಿನಿಂದ ಓಡಬಹುದೇ ಎಂದು ಕೇಳಿದವರಿಗೆ, ಜವಾಬ್ದಾರಿಯಿರುವವರು ಓಡಬಾರದು, ಹಾಗೆಂದು ಔಷಧ ಬಿಟ್ಟು ದೇವರನ್ನು ಪರೀಕ್ಷಿಸುವುದೂ ತಪ್ಪು ಎಂಬ ಅರ್ಥದ ಉತ್ತರ ಬರೆದರು. 2020ರ ಕೊರೊನಾ ಕಾಲದಲ್ಲಿ ಆ ಬರಹ ಲೋಕದಲ್ಲೆಲ್ಲ ಮತ್ತೆ ಓಡಾಡಿತು.

ಕೆಲಸ ನಂಬಿಕೆಯನ್ನು ನಾಚಿಸಿದ ಸಂದರ್ಭಗಳೂ ಇವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. 1525ರಲ್ಲಿ ಜರ್ಮನಿಯ ರೈತರು ದಂಗೆಯೆದ್ದಾಗ ಲೂಥರ್ ಮೊದಲು ದೊರೆಗಳನ್ನೂ ಗದರಿಸಿದರು. ಆಮೇಲೆ ರೈತರನ್ನು ನಿರ್ದಯವಾಗಿ ಕೊಂದು ಅಡಗಿಸಬೇಕೆಂದು ಬರೆದರು. ಸತ್ತವರ ಸಂಖ್ಯೆ ಒಂದು ಲಕ್ಷದವರೆಗೆ ಇದ್ದೀತೆಂದು ಅಂದಾಜು. 1523ರಲ್ಲಿ ಯಹೂದಿಗಳೊಡನೆ ಸೌಮ್ಯವಾಗಿ ನಡೆದುಕೊಳ್ಳಿ ಎಂದಿದ್ದವರು, 1543ರಲ್ಲಿ ಅವರ ಪ್ರಾರ್ಥನಾಮಂದಿರ, ಶಾಲೆಗಳನ್ನು ಸುಡಬೇಕೆಂದು ಬರೆದರು. ನಾಲ್ಕು ಶತಮಾನಗಳ ಬಳಿಕ ನಾಜಿಗಳು ಅದನ್ನು ಬಳಸಿಕೊಂಡರು. ಅಮೆರಿಕದ ಇವ್ಯಾಂಜೆಲಿಕಲ್ ಲೂಥರನ್ ಸಭೆ 1994ರಲ್ಲಿ ಆ ಬರಹವನ್ನು ತಿರಸ್ಕರಿಸಿತು. ಮರವನ್ನು ಹಣ್ಣಿನಿಂದ ಗುರುತಿಸಿ ಎಂದವರ ಮರದಲ್ಲಿ ಈ ಹಣ್ಣೂ ಬಿಟ್ಟಿತ್ತು.

ಮುಸ್ಲಿಮರ ಬಗ್ಗೆ ಅವರಿಗೆ ಏನನಿಸುತ್ತಿತ್ತು ಎಂದು ಓದುಗರು ಕೇಳಬಹುದು. 1529ರಲ್ಲಿ ತುರ್ಕರ ಸೈನ್ಯ ವಿಯೆನ್ನಾ ನಗರವನ್ನು ಮುತ್ತಿತ್ತು, ಭಯ ಎಲ್ಲೆಡೆ ಇತ್ತು, ಅವರ ಬರಹಗಳಲ್ಲಿ ಇಸ್ಲಾಮಿನ ನಿಂದೆ ಸಾಕಷ್ಟಿದೆ. ಆದರೆ 1530ರಲ್ಲಿ, ಹಿಂದಿನ ಶತಮಾನದಲ್ಲಿ ಸುಮಾರು ಇಪ್ಪತ್ತು ವರ್ಷ ತುರ್ಕರ ಸೆರೆಯಲ್ಲಿದ್ದ ಕ್ರೈಸ್ತ ಸನ್ಯಾಸಿಯೊಬ್ಬನ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿ ಮುನ್ನುಡಿ ಬರೆದರು. ತುರ್ಕರ ಉಪವಾಸ, ಪ್ರಾರ್ಥನೆ, ಊಟ ಉಡುಪಿನ ಸರಳತೆ, ಶಿಸ್ತು ಇವೆಲ್ಲ ಕ್ರೈಸ್ತ ಸನ್ಯಾಸಿಗಳಿಗಿಂತಲೂ ಮೇಲಾಗಿವೆ ಎಂದು ಅಲ್ಲಿ ಒಪ್ಪಿಕೊಂಡರು. ಅದರಿಂದ ಅವರು ತೆಗೆದ ತೀರ್ಮಾನ ಮಾತ್ರ ವಿಚಿತ್ರ: ಸದಾಚಾರದಲ್ಲಿ ಇವರೇ ಮುಂದಿರುವುದರಿಂದ, ಕ್ರೈಸ್ತ ಧರ್ಮದ ತಿರುಳು ಸದಾಚಾರವಲ್ಲ, ನಂಬಿಕೆಯೇ ಎಂಬುದು ಸಿದ್ಧವಾಯಿತಂತೆ. ಈಮಾನ್ ಮತ್ತು ಅಮಲ್ ಎರಡನ್ನೂ ಕುರ್‌ಆನ್ ಮತ್ತೆ ಮತ್ತೆ ಜೊತೆಯಾಗಿಯೇ ಹೇಳುವುದನ್ನು ಕೇಳುತ್ತಾ ಬೆಳೆದ ನಮಗೆ ಈ ದಾರಿ ಹಿಡಿಸುವುದಿಲ್ಲ. ಆದರೆ ಇವೆರಡರ ಸಂಬಂಧದ ಬಗ್ಗೆ ನಮ್ಮ ಇತಿಹಾಸದಲ್ಲೂ ಖವಾರಿಜರು ಒಂದು ತುದಿಗೆ, ಮುರ್ಜಿಯಾ ಪಂಥದವರು ಇನ್ನೊಂದು ತುದಿಗೆ ಹೋದದ್ದುಂಟು.

ಇನ್ನೊಂದು ಸಂಗತಿ. 1542ರಲ್ಲಿ ಬಾಸೆಲ್ ನಗರದ ಮುದ್ರಕ ಓಪೊರಿನುಸ್ ಕುರ್‌ಆನಿನ ಲ್ಯಾಟಿನ್ ಅನುವಾದ ಅಚ್ಚು ಮಾಡಹೊರಟು ಜೈಲು ಸೇರಿದ. ಅದು 1143ರಲ್ಲಿ ಆದ ಹಳೆಯ ಅನುವಾದ. ಅಚ್ಚಾಗಲಿ ಎಂದು ಲೂಥರ್ ನಗರಸಭೆಗೆ ಪತ್ರ ಬರೆದರು, 1543ರಲ್ಲಿ ಪುಸ್ತಕ ಹೊರಬಂತು. ಉದ್ದೇಶ ಖಂಡಿಸುವುದೇ, ಆದರೆ ಓದದೆ ಖಂಡಿಸಬಾರದು ಎಂಬುದು ಅವರ ನಿಲುವು. ಇದೇ ಬಾಸೆಲ್ ನಗರದ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದದ್ದು. ಅದರ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಆರಂಭಿಸಿದರು, ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಬಂತು. ಕನ್ನಡ ಪಾಠಕ್ಕಾಗಿ ನಾನು ತಿರುವಿ ಹಾಕುವ ಆ ನಿಘಂಟಿನ ಹಿಂದೆ ಲೂಥರ್ ಹಾಕಿಕೊಟ್ಟ ರೂಢಿ ಇದೆ, ಧರ್ಮದ ಮಾತನ್ನು ಜನರ ಭಾಷೆಯಲ್ಲಿ ಹೇಳುವ ರೂಢಿ.

1542ರಲ್ಲಿ 13 ವರ್ಷದ ಮಗಳು ಮ್ಯಾಗ್ಡಲೇನಾ ತಂದೆಯ ತೋಳಿನಲ್ಲೇ ಪ್ರಾಣ ಬಿಟ್ಟಳು. ಆ ದುಃಖದಿಂದ ಅವರು ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಶ್ರೀಮಂತ ಸಹೋದರರ ಜಗಳ ಬಗೆಹರಿಸಲು ಹುಟ್ಟಿದ ಊರಿಗೆ ಹೋಗಿದ್ದಾಗ, 1546ರ ಫೆಬ್ರುವರಿ 18ರಂದು ಲೂಥರ್ ತೀರಿಕೊಂಡರು. ಪುಸ್ತಕಗಳಿಂದ ಅವರು ಸಂಭಾವನೆ ಪಡೆದವರಲ್ಲ. ಮೇಜಿನ ಮೇಲೆ ಸಿಕ್ಕಿದ ಅವರ ಕೊನೆಯ ಚೀಟಿಯಲ್ಲಿ, ದೇವರೆದುರು ಮನುಷ್ಯರೆಲ್ಲ ಭಿಕ್ಷುಕರು ಎಂಬ ಅರ್ಥದ ಸಾಲಿತ್ತು.

ಮರುವರ್ಷ ಜನವರಿಯಲ್ಲಿ ಟ್ರೆಂಟ್ ನಗರದ ಮಹಾಸಭೆಯಲ್ಲಿ ಕ್ಯಾಥೊಲಿಕ್ ಸಭೆ ತನ್ನ ತೀರ್ಪು ಕೊಟ್ಟಿತು. ಕೃಪೆಯಿಲ್ಲದೆ ರಕ್ಷಣೆಯಿಲ್ಲ, ಆದರೆ ನಂಬಿಕೆ ಮಾತ್ರ ಸಾಲದು ಎಂಬುದು ಆ ತೀರ್ಪು. ಆಮೇಲೆ ಯೂರೋಪಿನಲ್ಲಿ ಧರ್ಮದ ಹೆಸರಿನ ಯುದ್ಧಗಳು ನೂರು ವರ್ಷ ನಡೆದವು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್ ನಗರದಲ್ಲಿ ಕ್ಯಾಥೊಲಿಕ್ ಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಅರ್ಹತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಅಂಗೀಕರಿಸುತ್ತಾನೆ, ಅಂಗೀಕಾರ ಪಡೆದವರು ಸತ್ಕಾರ್ಯಕ್ಕೆ ಕರೆಯಲ್ಪಟ್ಟವರು ಎಂಬಷ್ಟರಲ್ಲಿ ಒಮ್ಮತವಾಯಿತು. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟದವರು ಅದಕ್ಕೆ ಸೇರಿಕೊಂಡರು. ಉಳಿದ ಭಿನ್ನಾಭಿಪ್ರಾಯಗಳ ಕಾರಣ ಕ್ಯಾಥೊಲಿಕರೂ ಲೂಥರನ್ನರೂ ಪ್ರಭುಭೋಜನದ ವಿಧಿಯನ್ನು ಈಗಲೂ ಅಧಿಕೃತವಾಗಿ ಒಟ್ಟಿಗೆ ಆಚರಿಸುವುದಿಲ್ಲ.

ಹಿಂದಿನ ಬೆಂಚಿನ ಆ ಹುಡುಗ ಈಗ ಪಿಯುಸಿಯಲ್ಲಿ ಕಾಮರ್ಸ್ ಓದುತ್ತಿದ್ದಾನೆ. ಈ ಸಂಚಿಕೆಯ ಒಂದು ಪ್ರತಿಯನ್ನು ಅವನ ಮನೆಗೆ ತಲುಪಿಸಬೇಕು.